ಮಡಿವಂತ ಪೆನ್ ಡ್ರೈವ್

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಆಮೇಲೆ ನೀವು ಬೇರೆಯವರ ಬಾಯಿಂದ ಕೇಳಿ ಆಡಿಕೊಳ್ಳುವುದು ಬೇಡ. ಜಯನಗರದ ಒಂದು ಹಾಲಿನಲ್ಲಿ, ಮಹಿಳಾ ಸಮಾಜದ ಅಷ್ಟೂ ಸದಸ್ಯೆಯರ ಎದುರು, ಫೋಟೋ ತೋರಿಸುವ ಸಾಫ್ಟ್‌ವೇರ್, ಫೋಟೋ ತಿದ್ದುವ ಸಾಫ್ಟ್‌ವೇರ್, ಫೋಟೋ ಹಿಂದೆ ಕೊಳಲು ನುಡಿಸುವ ಸಾಫ್ಟ್‌ವೇರ್ ಎಲ್ಲವನ್ನೂ ಕೊರಳಿಗೆ ನೇತುಹಾಕಿಕೊಂಡು ಹೋಗಿ, ಫೋಟೋ ಒಂದನ್ನು ಮಾತ್ರ ಮನೆಯಲ್ಲೇ ಬಿಟ್ಟು ಹೋಗಿದ್ದವನು ನಾನು. ಓಲಗದವರು, ಅಡುಗೆಯವರು, ವಿಡಿಯೋದವರು ಎಲ್ಲರನ್ನೂ ವ್ಯಾನಿಗೆ ತುಂಬಿಕೊಂಡು ಛತ್ರದ ಮುಂದೆ ಇಳಿದಮೇಲೆ, ‘ಅಲ್ಲಾ, ಗಂಡೆಲ್ಲಿ?’ ಅಂತ ತಡಕಾಡಿದ ಹಾಗೆ.

ಇದಕ್ಕೆಲ್ಲ ಮೂಲ ನನ್ನ ಕೊರಳು. ಆಗ ಬಿಟಿಎಂ ಲೇಔಟಿನ ಕಡೆ ಹೋದರೆ ನನ್ನ ವಯಸ್ಸಿನ ಪ್ರತಿಯೊಬ್ಬನ ಕೊರಳಲ್ಲೂ ಆಫೀಸಿನ ಗುರುತಿನ ಚೀಟಿ ತೂಗಾಡುತ್ತಿತ್ತು. ದರ್ಶಿನಿಯಲ್ಲಿ ನಿಂತು ಇಡ್ಲಿ ತಿನ್ನುವಾಗಲೂ ತೆಗೆಯುತ್ತಿರಲಿಲ್ಲ. ಸಾಂಬಾರಿಗೆ ಅದ್ದದಿರಲಿ ಅಂತ ಶರ್ಟಿನ ಜೇಬಿಗೆ ತುರುಕಿಕೊಳ್ಳುತ್ತಿದ್ದರು ಅಷ್ಟೆ. ನನಗೆ ಅಂಥ ಯೋಗವಿರಲಿಲ್ಲ. ಬಿಕಾಂ ಮುಗಿಸಿ, ಎಲ್ಲಿ ಶಾಮಿಯಾನ ಕಂಡರೆ ಅಲ್ಲಿ ನುಗ್ಗಿ ಮಿಮಿಕ್ರಿ ಮಾಡಿಕೊಂಡಿದ್ದೆ. ಬಸ್ ಕಂಡಕ್ಟರು, ಸೊಪ್ಪಿನವಳು, ಪ್ರೆಶರ್ ಕುಕ್ಕರು, ಕೆಟ್ಟು ನಿಂತ ಲೂನಾ, ಸತ್ಯನಾರಾಯಣ ಪೂಜೆಯ ನಡುವೆ ಮೊಬೈಲಿಗೆ ಉತ್ತರಿಸುವ ಪುರೋಹಿತರು, ಎಲ್ಲರ ದನಿಯೂ ನನ್ನ ಗಂಟಲಲ್ಲಿತ್ತು. ನನ್ನ ಸ್ವಂತ ದನಿಯಲ್ಲಿ ಇಂಟರ್‌ವ್ಯೂಗೆ ಹೋದಾಗ ಮಾತ್ರ ಯಾರೂ ಚಪ್ಪಾಳೆ ಹೊಡೆಯುತ್ತಿರಲಿಲ್ಲ. ಬರಿಗೊರಳು ಹೊತ್ತು ತಿರುಗಲು ನಾಚಿಕೆಯಾಗಿ ಪೆನ್ ಡ್ರೈವ್ ಕಟ್ಟಿಕೊಂಡೆ. ದೂರದಿಂದ ನೋಡಿದವರಿಗೆ ಕೆಲಸ ಇರುವವನ ಹಾಗೆ ಕಾಣುತ್ತಿದ್ದೆ. ಹತ್ತಿರ ಬಂದವರಿಗೆ ಕಂಪ್ಯೂಟರ್ ರಿಪೇರಿಯವನ ಹಾಗೆ.

ಅದರೊಳಗೆ ಸಾಫ್ಟ್‌ವೇರ್ ತುಂಬಿಕೊಟ್ಟವನು ಗೆಳೆಯ ಬಸವರಾಜ. ಗದಗಿನ ಕಡೆಯವನು, ಬಿಟಿಎಂನಲ್ಲಿ ರೂಮು ಮಾಡಿಕೊಂಡು ಯಾವುದೋ ಆಫೀಸಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದ. “ಲೇ ಸೀನ್ಯಾ, ಇವನ್ನ ಎಲ್ಲೂ ಲೋಡ್ ಮಾಡೋದು ಬ್ಯಾಡ. ಯಾರ ಮನ್ಯಾಗ ಕಂಪ್ಯೂಟರ್ ಐತಿ, ಅಲ್ಲಿ ಚುಚ್ಚು, ಕೆಲಸ ಮಾಡು, ಕಿತ್ಕೊಂಡು ಬಾ. ನೀ ಬಂದಿದ್ದೂ ಗೊತ್ತಾಗಂಗಿಲ್ಲ, ಹೋಗಿದ್ದೂ ಗೊತ್ತಾಗಂಗಿಲ್ಲ” ಅಂದ. ನಾನು ಅದನ್ನೇ ಅವನ ದನಿಯಲ್ಲಿ ಅವನಿಗೇ ಒಪ್ಪಿಸಿದೆ. “ನಿಂಗ ಮದಲ ಒಂದು ಬುದ್ಧಿ ಲೋಡ್ ಮಾಡ್ಬೇಕಿತ್ತು ನೋಡಲೇ, ಅದರಾಗ ಜಾಗ ಉಳೀಲಿಲ್ಲ” ಅಂದ.

ಜಾಗ ನಿಜವಾಗಿಯೂ ಉಳಿದಿರಲಿಲ್ಲ. ನನ್ನ ಕಿರುಬೆರಳಿನಷ್ಟಿದ್ದ ಆ ಕಡ್ಡಿಯಲ್ಲಿ ಏನೇನಿತ್ತು ಅಂತೀರಿ! ಇಂಟರ್‌ನೆಟ್ ನೋಡಲು ನನ್ನದೇ ಬ್ರೌಸರ್, ನನ್ನದೇ ಬುಕ್‌ಮಾರ್ಕುಗಳ ಸಮೇತ. ಸೈಬರ್ ಸೆಂಟರಿನಲ್ಲಿ ಕೂತು ಎದ್ದುಬಂದರೆ ಹಿಂದೆ ಕೂತವನಿಗೆ ನನ್ನ ಗುಟ್ಟು ಸಿಗುತ್ತಿರಲಿಲ್ಲ. (ನನಗೆ ಗುಟ್ಟುಗಳಿರಲಿಲ್ಲ ಅನ್ನುವುದು ಬೇರೆ ಮಾತು.) ಕನ್ನಡ ಟೈಪ್ ಮಾಡುವುದೊಂದಿತ್ತು; ಅದಿಲ್ಲದ ಕಡೆ ನಮ್ಮ ಭಾಷೆ ಸಾಲುಸಾಲು ಖಾಲಿ ಡಬ್ಬಿಗಳಾಗಿ ಕಾಣುತ್ತಿದ್ದ ಕಾಲ ಅದು. ಪಾಸ್‌ವರ್ಡುಗಳನ್ನು ಬೀಗ ಹಾಕಿಡುವ ಪೆಟ್ಟಿಗೆಯಿತ್ತು, ಅದರ ಪಾಸ್‌ವರ್ಡು ನನಗೆ ಮರೆತುಹೋಗಿತ್ತು. ಅಳಿಸಿದ ಫೈಲುಗಳನ್ನು ಹುಡುಕಿ ಎಬ್ಬಿಸುವುದು, ದೊಡ್ಡ ಫೈಲನ್ನು ಹಿಂಡಿ ಚಿಕ್ಕದು ಮಾಡುವುದು, ಹಾಡು ಹಾಡಿಸುವುದು, ದನಿ ರೆಕಾರ್ಡ್ ಮಾಡುವುದು, ವೈರಸ್ ಹಿಡಿಯುವುದು. ಇಷ್ಟೆಲ್ಲ ಇದ್ದವನ ಹತ್ತಿರ ಇಲ್ಲದಿದ್ದುದು ಒಂದೇ, ಕಂಪ್ಯೂಟರು.

ಹಾಗಾಗಿ ನಾನು ಮನೆಮನೆಗೆ ಹೋಗಬೇಕಾಯಿತು. ಎಲ್ಲಕ್ಕಿಂತ ಹತ್ತಿರದ್ದು ಬನಶಂಕರಿ ಎರಡನೇ ಹಂತದಲ್ಲಿದ್ದ ಕಮಲತ್ತೆಯ ಮನೆ. ನಮ್ಮಪ್ಪನ ತಂಗಿ. ಆ ಮನೆಯಲ್ಲಿ ಕಂಪ್ಯೂಟರಿತ್ತು, ಕಂಪ್ಯೂಟರಿಗೆ ಕಾವಲಾಗಿ ಮಾವ ಇದ್ದರು. ಮಾವ ಫ್ಯಾಕ್ಟರಿಯ ಸ್ಟೋರ್ಸಿನಲ್ಲಿದ್ದು ರಿಟೈರಾದವರು; ಒಂದು ನಟ್ಟು ಹೊರಗೆ ಹೋಗಬೇಕಾದರೂ ಮೂರು ಸಹಿ ಕೇಳಿದ ಕೈ. ಮಾನಿಟರಿಗೆ ಅತ್ತೆಯ ಹಳೇ ರೇಷ್ಮೆ ಸೀರೆಯಲ್ಲಿ ಹೊಲಿಸಿದ ಗವಸು. ಸ್ಟೆಬಿಲೈಸರ್ ಮೇಲೆ ಕುಂಕುಮ. ಕೋಣೆಗೆ ಹೋಗುವ ಮುಂಚೆ ಕಾಲೊರೆಸಿಕೊಳ್ಳಬೇಕು. ಕೂತಕೂಡಲೇ ಹಿಂದಿನಿಂದ ಗಂಟಲು ಸರಿಮಾಡಿಕೊಳ್ಳುವ ಸದ್ದು: “ಹ್ಞುಂ... ಹ್ಞುಂ... ಏನೂ ಲೋಡ್ ಮಾಡ್ಬೇಡಪ್ಪಾ.” ಆ ಎರಡು ಹ್ಞುಂಗಳ ನಡುವಿನ ಅಂತರವನ್ನು ನಾನು ಎಷ್ಟು ಚೆನ್ನಾಗಿ ಕಲಿತಿದ್ದೆನೆಂದರೆ, ಒಮ್ಮೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಮಾಡಿದಾಗ ಅತ್ತೆ ತಿರುಗಿ ನೋಡದೆಯೇ ಎರಡನೇ ಕಾಫಿ ಬೆರೆಸಿಬಿಟ್ಟಿದ್ದರು.

ಮಾವನಿಗೆ ಪೆನ್ ಡ್ರೈವ್ ಕಂಡರೆ ಅನುಮಾನ. “ಬೇರೆ ಮನೇದೆಲ್ಲ ಇಲ್ಲಿಗ್ಯಾಕೆ ಹಾಕ್ತೀಯ?” ಅಂದರು. ನಾನು ವಿವರಿಸಿದೆ, ಲೋಡ್ ಮಾಡುವುದಿಲ್ಲ, ಇದರೊಳಗಿಂದಲೇ ನಡೆಯುತ್ತದೆ, ನಿಮ್ಮ ಕಂಪ್ಯೂಟರನ್ನು ಮುಟ್ಟುವುದೂ ಇಲ್ಲ ಅಂತ. ಅವರಿಗೆ ತಿಳಿಯಲಿಲ್ಲ. ತಿಳಿದದ್ದು ಹುರಳಿಕಾಯಿ ಮುರಿಯುತ್ತ ಕೂತಿದ್ದ ಅತ್ತೆಗೆ. “ಅಂದ್ರೆ ನಮ್ಮತ್ತೆ ಥರ” ಅಂದರು.

ಅತ್ತೆಯ ಅತ್ತೆ ಮಹಾ ಮಡಿ. ಯಾರ ಮನೆಗೆ ಹೋದರೂ ತಮ್ಮದೇ ತಂಬಿಗೆ, ತಮ್ಮದೇ ಚಾಪೆ, ಇದ್ದಿಲ ಪುಟ್ಟ ಒಲೆ, ಪಂಚಪಾತ್ರೆ, ಅವಲಕ್ಕಿ ಗಂಟು. ಮೂಲೆಯಲ್ಲಿ ಅವರದೇ ಒಂದು ಮನೆ ಹೂಡುತ್ತಿದ್ದರು. ಆ ಮನೆಯವರದ್ದು ಅಂತ ತೆಗೆದುಕೊಳ್ಳುತ್ತಿದ್ದುದು ಬಾವಿ ನೀರು ಮತ್ತು ಜಾಗ ಮಾತ್ರ. ಹೊರಡುವಾಗ ಬೂದಿಯನ್ನೂ ಬಳಿದು ಸಾರಿಸಿ ಹೋಗುತ್ತಿದ್ದರಂತೆ. ನನಗೆ ರೋಮಾಂಚನವಾಯಿತು! ಬಸವರಾಜ ಒಂದು ಸಂಜೆ ಪೂರ್ತಿ ಹೇಳಿದ್ದನ್ನು ಅತ್ತೆ ಹುರಳಿಕಾಯಿಯ ನಾರು ತೆಗೆಯುವಷ್ಟರಲ್ಲಿ ಹೇಳಿಬಿಟ್ಟರು. ಅವತ್ತಿನಿಂದ ನಾನು ಪೆನ್ ಡ್ರೈವನ್ನು ಮಡಿವಂತ ಅಂತಲೇ ಕರೆದೆ. ಆತಿಥೇಯನ ಕರೆಂಟು, ಆತಿಥೇಯನ ಮಾನಿಟರು, ಉಳಿದದ್ದೆಲ್ಲ ಸ್ವಯಂಪಾಕ.

ಯೋಚಿಸಿ ನೋಡಿದರೆ ಇದು ಹೊಸ ವಿದ್ಯೆಯೇ ಅಲ್ಲ. ಹೋಮಕ್ಕೆ ಬರುವ ಪುರೋಹಿತರು ತುಪ್ಪ ಹೊಯ್ಯುವ ಸ್ರುಕ್ಕು-ಸ್ರುವದಿಂದ ಹಿಡಿದು ದರ್ಭೆಯವರೆಗೆ ಒಂದು ಕೈಚೀಲದಲ್ಲಿ ತರುತ್ತಾರೆ, ನಮ್ಮ ಮನೆಯದ್ದು ಬೆಂಕಿಪೊಟ್ಟಣ ಮಾತ್ರ. ಸಂಗೀತದ ಮೇಷ್ಟರು ಶ್ರುತಿಪೆಟ್ಟಿಗೆ ಹೊತ್ತು ಬರುತ್ತಾರೆ. ಹಾಸಿಗೆ ಹೊಲಿಯುವವನು ಹತ್ತಿ ಹಿಂಜುವ ಬಿಲ್ಲು ಹೆಗಲಿಗೇರಿಸಿಕೊಂಡು ಟಂಯ್ ಟಂಯ್ ಅನ್ನಿಸುತ್ತ ಬರುತ್ತಾನೆ. ಇವರೆಲ್ಲರೂ ಬಂದು, ಹೂಡಿ, ಮಾಡಿ, ಕಟ್ಟಿಕೊಂಡು ಹೋಗುವವರು. ಮಿಮಿಕ್ರಿಯವನೂ ಹಾಗೇ ಅಲ್ಲವೇ? ನನಗೆ ವೇಷ ಬೇಡ, ವಾದ್ಯ ಬೇಡ, ಎಲ್ಲರನ್ನೂ ಗಂಟಲಲ್ಲಿ ಹೊತ್ತು ತಿರುಗುತ್ತೇನೆ. ಇಷ್ಟು ದೊಡ್ಡ ತತ್ವ ಹೊಳೆದ ಮೇಲೆ ನನಗೆ ನೆಲ ಕಾಣಲಿಲ್ಲ.

ನೆಲ ಕಂಡದ್ದು ಆಮೇಲೆ, ಪೆನ್ ಡ್ರೈವ್ ಚುಚ್ಚಲು ಬಗ್ಗಿದಾಗ. ಆ ಕಾಲದ ಕಂಪ್ಯೂಟರುಗಳ ತೂತು ಹಿಂಬದಿಯಲ್ಲಿ, ಗೋಡೆಯ ಕಡೆ. ಮೇಜಿನ ಕೆಳಗೆ ನುಸುಳಿ, ಜೇಡರ ಬಲೆಯನ್ನು ಮೀಸೆ ಮಾಡಿಕೊಂಡು, ತಡವಿ ತಡವಿ ಚುಚ್ಚಬೇಕು. ಮೊದಲು ಹೋಗುವುದಿಲ್ಲ. ತಿರುಗಿಸಿದರೂ ಹೋಗುವುದಿಲ್ಲ. ಮತ್ತೆ ಮೊದಲಿನ ಹಾಗೇ ಹಿಡಿದರೆ ಹೋಗುತ್ತದೆ. ಇದು ಯಾಕೆ ಅಂತ ಬಸವರಾಜನಿಗೂ ಗೊತ್ತಿರಲಿಲ್ಲ. ಕೀಳುವಾಗ ಇನ್ನೊಂದು ಶಾಸ್ತ್ರ: ಸುಮ್ಮನೆ ಎಳೆಯುವ ಹಾಗಿಲ್ಲ, ಹೊರಡುತ್ತೇನೆ ಅಂತ ಕಂಪ್ಯೂಟರಿಗೆ ಹೇಳಿ, ಅದು ‘ಈಗ ಹೊರಡಬಹುದು’ ಅಂದಮೇಲೆ ಏಳಬೇಕು. ನಮ್ಮ ಮನೆಗಳ ಹಾಗೇ. ಬರ್ತೀನಿ ಅಂದು, ಕುಂಕುಮ ಇಟ್ಟುಕೊಂಡು, ಬಾಗಿಲಲ್ಲಿ ನಿಂತು ಅರ್ಧ ಗಂಟೆ ಮಾತಾಡಿ, ಗೇಟಿನಲ್ಲಿ ಇನ್ನೊಮ್ಮೆ ಬರ್ತೀನಿ ಅನ್ನಬೇಕು. ಹೇಳದೆ ಎದ್ದು ಹೋದರೆ ಎರಡೂ ಕಡೆ ಮನಸ್ಸು ಕೆಡುತ್ತದೆ.

ಇರಲಿ, ಅತ್ತೆಯ ವಿಷಯಕ್ಕೆ ಬರೋಣ. ಕಮಲತ್ತೆ ಆ ಮಹಿಳಾ ಸಮಾಜ ಹುಟ್ಟಿದಾಗಿನಿಂದ ಸದಸ್ಯೆ. ತಿಂಗಳ ಸಭೆ ಬಂತೆಂದರೆ ಕೋಸಂಬರಿ ಅತ್ತೆಯದು, ಜಮಖಾನ ಹಾಸುವುದು ಅತ್ತೆಯದು, ಕಾರ್ಯಕ್ರಮ ಮುಗಿದಮೇಲೆ ಲೋಟ ಎಣಿಸುವುದು ಅತ್ತೆಯದು. ವೇದಿಕೆ ಮಾತ್ರ ಯಾವತ್ತೂ ಬೇರೆಯವರದು. ಬಹುಪಾಲು ಅಧ್ಯಕ್ಷೆ ಪದ್ಮಾ ಆಂಟಿಯದು. ಪದ್ಮಾ ಆಂಟಿ ಸಿಂಗಾಪುರಕ್ಕೆ ಹೋಗಿಬಂದು, ಹಾಲಿನ ಮಹಡಿಯಲ್ಲಿದ್ದ ಟ್ಯುಟೋರಿಯಲ್ಲಿನವರ ಕಂಪ್ಯೂಟರು, ಪ್ರೊಜೆಕ್ಟರು ತರಿಸಿ, ಗೋಡೆಯಗಲ ಫೋಟೋ ತೋರಿಸಿದ್ದರು. “ಆಕ್ಚುಲಿ ಇಲ್ಲಿ ರಸ್ತೇಲಿ ಕೂತು ಊಟ ಮಾಡ್ಬೋದು, ಅಷ್ಟು ಕ್ಲೀನು” ಅನ್ನುವಾಗ ನಮ್ಮತ್ತೆ ಹಿಂದೆ ಕೂತು ಕೋಸಂಬರಿಗೆ ಉಪ್ಪು ಹಾಕುತ್ತಿದ್ದರಂತೆ.

ಅದಾದ ಮೇಲೆ ಅತ್ತೆ ಮಾವ ಬದರಿ–ಕೇದಾರ ಯಾತ್ರೆ ಮಾಡಿಬಂದರು. ಎರವಲು ಡಿಜಿಟಲ್ ಕ್ಯಾಮೆರಾದಲ್ಲಿ ಫೋಟೋ ತೆಗೆದುಕೊಂಡು ಬಂದರು. ಪದ್ಮಾ ಆಂಟಿಗೆ ಏನನ್ನಿಸಿತೋ, ಕರಪತ್ರದಲ್ಲಿ ಅಚ್ಚು ಹಾಕಿಸಿದರು: ‘ಸಚಿತ್ರ ಪ್ರವಾಸ ಕಥನ – ಶ್ರೀಮತಿ ಕಮಲಾ.’ ಅತ್ತೆ ಆ ಕರಪತ್ರವನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದರು. ಹಾಲು ತೆಗೆಯಲು ಹೋದಾಗಲೆಲ್ಲ ಒಮ್ಮೆ ಓದಿಕೊಳ್ಳುತ್ತಿದ್ದರು. ಹಾಲು ಒಳಗಿಡಲು ಹೋದಾಗ ಮತ್ತೊಮ್ಮೆ.

“ಸೀನೂ, ಫೋಟೋ ಸರಿಯಾಗಿ ಬರತ್ತೆ ತಾನೆ? ಎಲ್ಲರ ಮುಂದೆ ಮಾನ ಹೋಗ್ಬಾರ್ದು ಕಣೋ.”

“ಅತ್ತೇ, ನನ್ನ ಕೊರಳಲ್ಲಿ ಏನಿದೆ ಗೊತ್ತಾ?”

“ಮೊದಲು ಯಾರ ಕೊರಳಿಗಾದ್ರೂ ತಾಳಿ ಕಟ್ಟೋ ಯೋಗ್ಯತೆ ಬರ್ಲಿ. ಫೋಟೋ ವಿಷಯ ಹೇಳು.”

ಫೋಟೋ ವಿಷಯ ಹೀಗಾಯಿತು. ಮಾವ ಫೋಟೋಗಳನ್ನು ಕಂಪ್ಯೂಟರಿನ ಎಲ್ಲೋ ಒಳಮನೆಯಲ್ಲಿ ಭದ್ರ ಮಾಡಿ, ಹೊರಗೆ, ಕಣ್ಣಿಗೆ ಕಾಣುವ ಹಾಗೆ, ಒಂದು ಶಾರ್ಟ್‌ಕಟ್ ಇಟ್ಟಿದ್ದರು. ಶಾರ್ಟ್‌ಕಟ್ ಅಂದರೆ ಮನೆಯಲ್ಲ, ಮನೆಗೆ ದಾರಿ ತೋರಿಸುವ ಬೋರ್ಡು. ಮೂಲೆಯಲ್ಲಿ ಪುಟ್ಟ ಬಾಣದ ಗುರುತೂ ಇರುತ್ತದೆ. ನಾನು ಅದನ್ನು ಎಳೆದು ಪೆನ್ ಡ್ರೈವಿಗೆ ಹಾಕಿಕೊಂಡೆ. ಅಷ್ಟು ಫೋಟೋ ಕಣ್ಣು ಮಿಟುಕಿಸುವುದರೊಳಗೆ ಕಾಪಿ ಆಯಿತು. ಬುದ್ಧಿ ಇದ್ದವನಿಗೆ ಅನುಮಾನ ಬರಬೇಕಿತ್ತು. ನನಗೆ ಹೆಮ್ಮೆ ಬಂತು. ಪರೀಕ್ಷೆಯನ್ನೂ ಮಾಡಿದೆ, ಮಾಡಲಿಲ್ಲ ಅನ್ನಬೇಡಿ. ಪೆನ್ ಡ್ರೈವಿನೊಳಗಿಂದಲೇ ತೆರೆದೆ. ಯಾತ್ರೆಯ ಬಸ್ಸು, ಟೈರಿನ ಕೆಳಗೆ ನಿಂಬೆಹಣ್ಣು ಇಟ್ಟ ಮೊದಲನೇ ಫೋಟೋ ಮೂಡಿತು. ಮಾವನ ಕಂಪ್ಯೂಟರಿನಲ್ಲೇ ಕೂತು ನೋಡಿದರೆ ಮೂಡದೆ ಇನ್ನೇನು? ಮನೆಯ ಮುಂದೆಯೇ ನಿಂತು ಬೋರ್ಡು ಹಿಡಿದರೆ ಮನೆ ಕಾಣುತ್ತದೆ! ಹಿಂದಿನಿಂದ “ಹ್ಞುಂ... ಹ್ಞುಂ... ಕರೆಂಟು ಬಿಲ್ಲು ಬರತ್ತೆ” ಅಂತ ಕೇಳಿಸಿತು. ಎರಡನೇ ಫೋಟೋ ನೋಡುವ ಮೊದಲೇ ಎದ್ದೆ.

ಸಭೆಯ ದಿನ ಅತ್ತೆ ಮಯೂರಕಂಠಿ ಬಣ್ಣದ ಸೀರೆ ಉಟ್ಟಿದ್ದರು. ಕೋಸಂಬರಿಯನ್ನು ಅವತ್ತು ಬೇರೆಯವರಿಗೆ ವಹಿಸಿದ್ದರು. ಆದರೂ ಬಂದವರೇ ಹೋಗಿ ಉಪ್ಪು ನೋಡಿದರು. ಮಾವ ಹೊರಗೆ ಸ್ಕೂಟರ್ ನಿಲ್ಲಿಸಿ, ಹಿಂದಿನ ಸಾಲಿನಲ್ಲಿ, ಗಂಡಸರಿಗೆ ಅಂತಿದ್ದ ಒಂದೇ ಬೆಂಚಿನಲ್ಲಿ ಕೂತರು. ಪದ್ಮಾ ಆಂಟಿ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಆಕ್ಚುಲಿ ಸಿಡಿ ಎಲ್ಲಪ್ಪಾ?” ಅಂದರು.

“ಸಿಡಿ ಕಾಲ ಮುಗೀತು ಆಂಟಿ” ಅಂದು ಕೊರಳಿನಿಂದ ದಾರ ತೆಗೆದು, ಟ್ಯುಟೋರಿಯಲ್ಲಿನವರ ಕಂಪ್ಯೂಟರಿಗೆ ಪೆನ್ ಡ್ರೈವ್ ಚುಚ್ಚಿದೆ. ಅಷ್ಟಕ್ಕೆ ಸುಮ್ಮನಿರಬೇಕಿತ್ತು. ಮೈಕ್ ಕಂಡರೆ ನನ್ನ ಗಂಟಲು ನನ್ನ ಮಾತು ಕೇಳುವುದಿಲ್ಲ. ಮಡಿ ಅಜ್ಜಿಯ ಕತೆ ಹೇಳಿದೆ, ಅಜ್ಜಿಯ ದನಿ ಮಾಡಿದೆ, ಇಡೀ ಕಂಪ್ಯೂಟರನ್ನು ಕೊರಳಲ್ಲಿ ಹೊತ್ತು ತಂದಿದ್ದೇನೆ ಅಂದೆ. ಚಪ್ಪಾಳೆ ಬಿತ್ತು. ದೀಪ ಆರಿಸಿದರು. ಕೊಳಲು ಶುರುವಾಯಿತು. ಒತ್ತಿದೆ.

ಗೋಡೆಯ ಮೇಲೆ ಆಳೆತ್ತರದ ಚೌಕ ಬಂದು, ನೀವು ಕೇಳಿದ್ದು ಇಲ್ಲೆಲ್ಲೂ ಇಲ್ಲ ಅಂತ ಇಂಗ್ಲಿಷಿನಲ್ಲಿ ಹೇಳಿತು. ಇನ್ನೊಮ್ಮೆ ಒತ್ತಿದೆ. ಇನ್ನೊಮ್ಮೆ ಹೇಳಿತು. ಫೋಟೋ ತಿದ್ದುವುದನ್ನು ತೆರೆದೆ; ಬೆಳ್ಳನೆಯ ಹಾಳೆ ಕೊಟ್ಟು, ಏನು ತಿದ್ದಲಿ ಅನ್ನುವ ಹಾಗೆ ಕಾಯುತ್ತ ನಿಂತಿತು. ಗಾಬರಿಯಲ್ಲಿ ಕೈ ಎಲ್ಲಿ ತಗುಲಿತೋ, ವೈರಸ್ ಹಿಡಿಯುವುದು ಎದ್ದು ಕೂತು ಇಡೀ ಪೆನ್ ಡ್ರೈವ್ ಜಾಲಾಡಿ, ಯಾವ ತೊಂದರೆಯೂ ಕಂಡುಬಂದಿಲ್ಲ ಅಂತ ಗೋಡೆಯಗಲ ಹಸಿರು ಅಕ್ಷರದಲ್ಲಿ ಘೋಷಿಸಿತು. ಹಿಂದೆ ಕೊಳಲು ನಡೆದೇ ಇತ್ತು. ಒಬ್ಬರು, “ಕೇದಾರದಲ್ಲಿ ಬರೀ ಹಿಮ ಅಂತ ಕೇಳಿದ್ದೆ, ಹೌದು” ಅಂದರು. ಕಿಸಕ್ಕೆಂದು ನಗು.

“ಅರ್ಧ ಗಂಟೆ ಕೊಡಿ ಆಂಟಿ, ಆಟೋದಲ್ಲಿ ಹೋಗಿ ತಂದುಬಿಡ್ತೀನಿ” ಅಂದೆ. ನನ್ನ ದನಿ ಯಾರದೋ ದನಿಯ ಹಾಗಿತ್ತು, ಚೆನ್ನಾಗಿಯೂ ಇರಲಿಲ್ಲ.

ಪದ್ಮಾ ಆಂಟಿ ಗಡಿಯಾರ ನೋಡಿಕೊಂಡರು. “ಪರವಾಗಿಲ್ಲ ಬಿಡಿ. ಆಕ್ಚುಲಿ ಟೈಮೂ ಆಯ್ತು. ಹೌಸಿ ಆಟ ಶುರು ಮಾಡೋಣ. ಕಮಲಾ, ನಿಮ್ಮದು ಇನ್ಯಾವಾಗಲಾದ್ರೂ ಇಟ್ಕೊಳ್ಳೋಣ, ಆಯ್ತಾ?” ಹೌಸಿಯ ಅಂಕಿ ಚೀಟಿಗಳು ಆಗಲೇ ಕೈಯಿಂದ ಕೈಗೆ ಹರಿಯತೊಡಗಿದವು.

ಅತ್ತೆಯ ಮುಖವನ್ನು ನಾನು ನೋಡಬಾರದಿತ್ತು, ನೋಡಿದೆ. ಇನ್ಯಾವಾಗಲಾದರೂ ಅಂದರೆ ಎಂದಿಗೂ ಇಲ್ಲ ಅನ್ನುವುದು ಲೋಟ ಎಣಿಸಿದವರಿಗೆ ಗೊತ್ತಿರುತ್ತದೆ. ಒಂದು ಕ್ಷಣ ಅವರ ಕಣ್ಣು ಕೋಸಂಬರಿಯ ಪಾತ್ರೆಯ ಕಡೆ ಹೋಯಿತು. ಅಲ್ಲಿಗೇ ಹೋಗಿ ನಿಂತುಬಿಡುತ್ತಾರೆ ಅಂದುಕೊಂಡೆ. ಹೋಗಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ವೇದಿಕೆಗೆ ಬಂದು, ನನ್ನ ಕೈಯಿಂದ ಮೈಕ್ ಕಿತ್ತುಕೊಂಡರು.

“ಪದ್ಮಾ, ಚೀಟಿ ಆಮೇಲೆ ಹಂಚಿ. ಯಾರಾದ್ರೂ ಲೈಟ್ ಹಾಕ್ರಮ್ಮಾ. ಲೋ ಸೀನಾ, ಆ ಕೊಳಲು ನಿಲ್ಸು.”

ನಿಲ್ಲಿಸಿದೆ.

“ಗೌರೀಕುಂಡ ಅಂತ ಒಂದೂರು. ಅಲ್ಲಿಂದ ಕುದುರೆ” ಅಂದರು ಅತ್ತೆ. ಅಷ್ಟೆ, ಕುದುರೆ ಬಂತು. ತುಟಿ ಬಿರ್ರ್ ಅನ್ನಿಸಿದರು, ಎಡಗಾಲು ನೆಲಕ್ಕೆ ಕೆರೆದರು, ಕತ್ತು ಹೊರಳಿಸಿ ಹೌಸಿ ಚೀಟಿ ಹಿಡಿದವರನ್ನೆಲ್ಲ ತಾತ್ಸಾರದಿಂದ ನೋಡಿದರು. ನಾನು ವರ್ಷಗಟ್ಟಲೆ ಕೋಳಿ ಕೂಗಿದವನು; ಕುದುರೆಯ ತಾತ್ಸಾರ ನನಗೆ ಯಾವತ್ತೂ ಸಿಕ್ಕಿರಲಿಲ್ಲ. ಆಮೇಲೆ ಕುದುರೆಯವನು ಬಂದ, ಬೀಡಿ ಸಮೇತ. ಅವನ ಜೊತೆ ಅತ್ತೆಯ ಹಿಂದಿ, ತಿಲಕ್ ನಗರದ ತರಕಾರಿ ಗಾಡಿಯ ಮುಂದೆ ಕಲಿತದ್ದು: “ಕೈಕು ಇತ್ತಾ ಜಲ್ದಿ ಜಾತಾ ತುಮಾರಾ ಘೋಡಾ? ಧೀರೇ ಬೋಲೋ ಉಸ್ಕು! ಹಮಾರಾ ಆದ್ಮಿ ಊಪರ್ ಹೈ, ಆಲೂಗೆಡ್ಡೆ ಮೂಟೆ ನಹೀ!”

ಆಮೇಲೆ ಕುದುರೆಯ ಮೇಲೆ ಮಾವ ಬಂದರು. “ಹ್ಞುಂ... ಹ್ಞುಂ... ನೋಡಪ್ಪಾ, ಆ ಕಡೆ ಪ್ರಪಾತ ಇದೆ, ಈ ಕಡೆ ನಡಿ. ಹ್ಞುಂ... ಕಮಲಾ, ಇದಕ್ಕೆ ಬ್ರೇಕ್ ಎಲ್ಲಿದೆ ಕೇಳೇ.” ಎರಡು ಹ್ಞುಂಗಳ ನಡುವಿನ ಅಂತರ ನನಗಿಂತ ಖಚಿತವಾಗಿತ್ತು. ಕುದುರೆ ಕೊರಕಲಿನ ಅಂಚಿಗೆ ಬಂದಾಗ ಮಾವ ಕುದುರೆಯ ಕುತ್ತಿಗೆ ತಬ್ಬಿಕೊಂಡರಂತೆ, ಕಣ್ಣು ಮುಚ್ಚಿ ಮಕ್ಕಳ ಹಾಗೆ ಗೊಳೋ ಅಂತ ಅತ್ತರಂತೆ, ಬೆಂಗಳೂರಿಗೆ ಹೋದರೆ ಇನ್ನು ಮೇಲೆ ಯಾರಿಗೂ ಬೈಯುವುದಿಲ್ಲ ಅಂತ ಹರಕೆ ಹೊತ್ತರಂತೆ. ಹಾಲಿಗೆ ಹಾಲೇ ಹಿಂದೆ ತಿರುಗಿ ಬೆಂಚಿನ ಕಡೆ ನೋಡಿ ನಕ್ಕಿತು. ಮಾವ ತಲೆಯೆತ್ತಿ ಫ್ಯಾನು ನೋಡುತ್ತ ಕೂತಿದ್ದರು. ಪದ್ಮಾ ಆಂಟಿ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತ, “ಅಯ್ಯೋ ಸಾಕು ಕಮಲಾ, ಪಕ್ಕೆ ಹಿಡ್ಕೊಳ್ತು” ಅನ್ನುತ್ತಿದ್ದರು. ಅವರ ಬಾಯಿಂದ ಆಕ್ಚುಲಿ ಇಲ್ಲದ ಮಾತು ನಾನು ಕೇಳಿದ್ದು ಅದೊಂದೇ. ಹೌಸಿ ಆವತ್ತು ಆಡಲಿಲ್ಲ.

ನಾನು ವೇದಿಕೆಯ ಮೂಲೆಯಲ್ಲಿ ಪೆನ್ ಡ್ರೈವ್ ಹಿಡಿದು ನಿಂತಿದ್ದೆ. ಅದಕ್ಕೆ ದಾರವಿತ್ತು, ಮುಚ್ಚಳವಿತ್ತು, ಉರಿಯುವ ಪುಟಾಣಿ ದೀಪವಿತ್ತು. ಬರಿಗೈಯಲ್ಲಿ ಬಂದ ಹೆಂಗಸು ಗಂಟಲಿನಿಂದ ಒಂದು ಹಿಮಾಲಯ, ಒಂದು ಕುದುರೆ, ಒಬ್ಬ ಗಂಡ ಇಷ್ಟನ್ನೂ ಇಳಿಸಿ ಹೋಗಿದ್ದರು. ನಮ್ಮ ವಂಶದಲ್ಲಿ ಮಿಮಿಕ್ರಿ ನನ್ನಿಂದ ಶುರುವಾಯಿತು ಅಂತ ನಾನು ಎಲ್ಲ ಕಡೆ ಹೇಳಿಕೊಂಡು ಬಂದಿದ್ದೆ.

ಹೊರಗೆ ಬಂದಾಗ ಮಾವ ಸ್ಕೂಟರಿನ ಸೀಟು ಒರೆಸುತ್ತಿದ್ದರು. “ಬೇಜಾರಾಯ್ತಾ ಮಾವ?” ಅಂದೆ.

“ಹ್ಞುಂ... ಯಾಕೆ? ಚೆನ್ನಾಗಿ ಹೇಳಿದ್ಲಲ್ಲ” ಅಂದರು, ಮತ್ತೆ ಒರೆಸಿದರು.

ಅತ್ತೆಯನ್ನು ಹೆಂಗಸರು ಗೇಟಿನವರೆಗೂ ಸುತ್ತಿಕೊಂಡು ಬಂದರು. ಅವರೆಲ್ಲ ಚದುರಿದ ಮೇಲೆ ನಾನು ಹತ್ತಿರ ಹೋದೆ. ತಪ್ಪು ನನ್ನದೇ, ಹೇಗಾದರೂ ಸರಿಮಾಡಬೇಕು ಅನ್ನುವ ಉತ್ಸಾಹ ಉಕ್ಕುತ್ತಿತ್ತು. “ಅತ್ತೇ, ನಾಳೇನೇ ಬಂದು ಎಲ್ಲಾ ಫೋಟೋ ಸರಿಯಾಗಿ ಕಾಪಿ ಮಾಡ್ಕೋತೀನಿ. ಮುಂದಿನ ಸಭೇಲಿ ಗೋಡೆ ತುಂಬ ತೋರ್ಸೋಣ. ಕುದುರೆ ಫೋಟೋ ಇರ್ಬೇಕಲ್ಲ, ಅದನ್ನೇ ಮೊದಲು ಹಾಕೋಣ!”

ಅತ್ತೆ ಸ್ಕೂಟರಿನ ಹಿಂದಿನ ಸೀಟಿನಲ್ಲಿ ಕೂತು, ಸೆರಗು ಚಕ್ರಕ್ಕೆ ಸಿಗದ ಹಾಗೆ ಎಳೆದುಕೊಂಡು, ಮಾವನ ಭುಜದ ಮೇಲೆ ಕೈಯಿಟ್ಟು ಹೇಳಿದರು:

“ಒಂದು ಫೋಟೋ ಹೊರಗೆ ಬಂದ್ರೆ ಕೈ ಮುರೀತೀನಿ. ಅದ್ರಲ್ಲಿ ಕುದುರೆ ತಬ್ಕೊಂಡು ಅಳ್ತಿರೋಳು ನಾನು ಕಣೋ!”